ಪಶುದಯೆಯ ಕಾನೂನೂ ಪ್ರಜೆಗಳ ಬೊಕ್ಕಸವೂ

ಮೂಕಪ್ರಾಣಿಗಳನ್ನು ಹಿಂಸಿಸುವವರಿಗೆ ಈಗ ವಿಧಿಸುತ್ತಿರುವ ದಂಡವು ಸಾಲದು, ಅದನ್ನು ಹೆಚ್ಚಿಸಬೇಕು ಎಂಬ ಕೂಗು ಎದ್ದಾಗಲೆಲ್ಲ ಸಭೆಗಳಲ್ಲಿ ನಡೆಯುವ ಚರ್ಚೆಯು ಎರಡೇ ಮಾತುಗಳ ಸುತ್ತ ಸುಳಿಯುವುದು. ಒಂದು ಪಕ್ಷದವರು ದಯೆಯನ್ನು ಮುಂದಿಡುವರು. ಇನ್ನೊಂದು ಪಕ್ಷದವರು ರೂಢಿಯನ್ನೂ ಜೀವನೋಪಾಯವನ್ನೂ ಮುಂದಿಡುವರು. ಮೂರನೆಯ ಪ್ರಶ್ನೆಯೊಂದು ಬಹುಮಟ್ಟಿಗೆ ಹಿಂದೆಯೇ ಉಳಿದುಬಿಡುವುದು. ಹಿಂಸೆಯಿಂದ ಬಿಡಿಸಿ ತಂದ ಪ್ರಾಣಿಗೆ ಮರುದಿನ ಬೆಳಗ್ಗೆ ಹುಲ್ಲು ಹಾಕುವವರು ಯಾರು? ಆ ಹುಲ್ಲಿನ ಹಣವು ಯಾರ ಗಂಟಿನಿಂದ ಬರತಕ್ಕದ್ದು? ಇದು ಕೇವಲ ಲೆಕ್ಕಿಗರ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಹುಲ್ಲಿಗೆ ಗೊತ್ತುಮಾಡದೆ ಬಿಡಿಸಿ ತಂದ ಹಸುವು ಕಟುಕನ ಕೈಯಿಂದ ತಪ್ಪಿ ಹಸಿವಿನ ಕೈಗೆ ಬೀಳುವುದಾದ್ದರಿಂದ, ದಯೆಯ ಪ್ರಶ್ನೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುವುದು. ಮೈಸೂರಿನ ಪಡುವಲಿಗೆ ಇರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬೇಕಾದಷ್ಟು ನಿದರ್ಶನಗಳು ದೊರೆಯುವುದರಿಂದ, ಅವುಗಳಲ್ಲಿ ಕೆಲವನ್ನು ಇಲ್ಲಿ ನಿರೂಪಿಸಲು ಎಣಿಸಿದ್ದೇವೆ.

ಮೊದಲು ಹುಣಸೂರಿನ ಮಾತು. ಲಕ್ಷ್ಮಣತೀರ್ಥದ ದಡದ ಈ ಊರು ೧೯ನೆಯ ಶತಮಾನದಲ್ಲಿ ಅಮೃತಮಹಲ್ ಇಲಾಖೆಯ ಮುಖ್ಯ ಠಾಣೆಯಾಗಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಆರಂಭವಾದ ಈ ಇಲಾಖೆಯು ಹೈದರನ ಕಾಲದಲ್ಲಿ ಸೇನೆಯ ಅಂಗವಾಗಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಈ ದನಗಳಿಗೆಂದು ಸಂಸ್ಥಾನದ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಬಿಟ್ಟಿದ್ದರು. ಬೇಸಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ ಕಾವಲು ಬೇರೆ. ೧೭೯೯ರ ತರುವಾಯ ಆಡಳಿತವು ಸಡಿಲವಾಗಿ ತಳಿಯು ಕೆಡಲಾಗಿ, ೧೮೧೩ರಲ್ಲಿ ಮದರಾಸು ಸೇನೆಯವರು ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ವಶಕ್ಕೆ ಇದನ್ನು ಕೊಟ್ಟರು. ಅವರದೇ ಕಮಿಸರಿಯಟ್ ಇಲಾಖೆಯು ಅದೇ ಹುಣಸೂರಿನಲ್ಲಿ ಚರ್ಮವನ್ನು ಹದಮಾಡುವ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದಿತು. ಒಂದೇ ಊರಿನಲ್ಲಿ ಒಂದು ಕಡೆ ಕರುವನ್ನು ಸಾಕುವ ಸರ್ಕಾರ, ಇನ್ನೊಂದು ಕಡೆ ತೊಗಲನ್ನು ಹದಮಾಡುವ ಸರ್ಕಾರ! ಈ ಜೋಡಣೆಯು ಕೆಲವರಿಗೆ ಕಠೋರವಾಗಿ ಕಾಣಬಹುದು. ಆದರೆ ಪಶುವಿನ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕವನ್ನು ಒಬ್ಬರೇ ಇಡುತ್ತಿದ್ದರೆಂಬುದನ್ನು ಮರೆಯಲಾಗದು.

ಆ ಲೆಕ್ಕದಲ್ಲಿ ಖರ್ಚಿನ ಕಲಮನ್ನು ಮಾತ್ರ ನೋಡಿದವರೂ ಉಂಟು. ೧೮೬೦ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನರು ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿಸಿ ಇಲಾಖೆಯನ್ನು ಮುಚ್ಚಿಸಿದರು. ಸೇನೆಗೆ ಎತ್ತುಗಳು ಬೇಕಾದಾಗ ಸಂತೆಯಲ್ಲಿ ಕೊಳ್ಳಬಹುದೆಂಬುದು ಅಂದಿನ ತರ್ಕ. ತಕ್ಕ ಎತ್ತುಗಳು ಸಂತೆಯಲ್ಲಿ ದೊರೆಯಲಿಲ್ಲ. ಆರೇ ವರ್ಷಗಳಲ್ಲಿ, ಎಂದರೆ ೧೮೬೬ರಲ್ಲಿ, ಚದುರಿಹೋಗಿದ್ದ ತಳಿಯನ್ನು ಹುಡುಕಿ ಕೂಡಿಸಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಪಶುವನ್ನು ಸಾಕುವ ವೆಚ್ಚವನ್ನು ಕಾಗದದ ಮೇಲೆ ಹೊಡೆದುಹಾಕುವುದು ಸುಲಭ. ಅದು ಬೇರೊಂದು ದಾರಿಯಿಂದ ಮರಳಿ ಬಾರದಂತೆ ತಡೆಯುವುದೇ ಕಷ್ಟ.

ಇದಕ್ಕಿಂತಲೂ ಹಳೆಯ ಲೆಕ್ಕವೊಂದು ಮೈಸೂರಿನಲ್ಲಿಯೇ ಬೆಳಕಿಗೆ ಬಂದಿತೆಂಬುದು ನಮ್ಮ ಹೆಮ್ಮೆಯ ಸಂಗತಿ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಪಂಡಿತ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟರು. ಕರು, ಹೋರಿ, ಕರೆಯುವ ಹಸು ಇವುಗಳನ್ನು ಕೊಲ್ಲುವವನಿಗೂ, ಪಶುವನ್ನು ಹಿಂಸಿಸಿ ಕೊಲ್ಲುವವನಿಗೂ ಆ ಗ್ರಂಥದಲ್ಲಿ ೫೦ ಪಣಗಳ ದಂಡವು ಹೇಳಿದೆ. ಈ ಮಾತನ್ನು ಅನೇಕರು ಎತ್ತಿ ಆಡುವರು. ಅದೇ ಗ್ರಂಥದಲ್ಲಿ ಗೋವುಗಳ ಅಧ್ಯಕ್ಷನ ಪ್ರಕರಣದಲ್ಲಿ ಹೇಳಿರುವ ಏರ್ಪಾಡನ್ನು ಎತ್ತಿ ಆಡುವವರು ಕಡಮೆ. ಮುದಿ ಹಸು, ಕರೆಯುವ ಹಸು, ಗಬ್ಬದ ಹಸು, ಮೊದಲ ಬಸಿರಿಗೆ ಬಂದ ಕಡಸು, ಎಳೆಯ ಕಡಸು ಹೀಗೆ ಐದು ಬಗೆಯನ್ನೂ ಸಮಪಾಲಾಗಿ ಸೇರಿಸಿ ೧೦೦ ದನಗಳ ಹಿಂಡನ್ನು ಒಬ್ಬನಿಗೆ ವಹಿಸಬೇಕು. ಅವನು ವರ್ಷಕ್ಕೆ ೮ ವಾರಕಗಳ ತುಪ್ಪವನ್ನೂ, ತಲೆಗೊಂದು ಪಣವನ್ನೂ, ಸತ್ತ ದನದ ಮುದ್ರೆಯುಳ್ಳ ತೊಗಲನ್ನೂ ಅರಮನೆಗೆ ಒಪ್ಪಿಸಬೇಕು. ಎಂದರೆ ಪ್ರತಿ ಹಿಂಡಿನಲ್ಲಿಯೂ ೨೦ ಮುದಿ ಹಸುಗಳು ಇದ್ದೇ ಇರುವುವು. ಅವುಗಳ ಮೇವಿನ ವೆಚ್ಚವನ್ನು ಕರೆಯುವ ಹಸುಗಳ ಹಾಲೇ ತೆರುವುದು. ದಂಡದ ಸೂತ್ರದ ಹಿಂದೆ ಮೇವಿನ ಸೂತ್ರವೊಂದು ಇದ್ದಿತು. ನಮ್ಮ ಕಾಲದವರು ಮೊದಲನೆಯದನ್ನು ಪಠಿಸಿ ಎರಡನೆಯದನ್ನು ಓಲೆಯಲ್ಲಿಯೇ ಬಿಟ್ಟಿರುವರೋ ಎಂದು ಸಂದೇಹವಾಗುವುದು.

ಈಗ ನಡೆಯುತ್ತಿರುವ ಬಗೆಯ ಕಾನೂನು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ೧೮೨೨ರಲ್ಲಿ ರಿಚರ್ಡ್ ಮಾರ್ಟಿನ್ ಎಂಬ ಪಾರ್ಲಿಮೆಂಟು ಸದಸ್ಯನು ದನಕುದುರೆಗಳ ಹಿಂಸೆಯನ್ನು ತಡೆಯುವ ಕಾಯಿದೆಯನ್ನು ಮಾಡಿಸಿದನು. ಜಾರಿಗೆ ತರುವುದಕ್ಕೆ ಸರ್ಕಾರವು ಹಣವನ್ನೇನೂ ಒದಗಿಸಲಿಲ್ಲ. ೧೮೨೪ರಲ್ಲಿ ಕೆಲವರು ಕೂಡಿ ಸಂಘವೊಂದನ್ನು ಕಟ್ಟಿ, ಸಂತೆಗಳಲ್ಲಿ ಕಾವಲಿರುವುದಕ್ಕೆ ತಾವೇ ಸಂಬಳ ಕೊಟ್ಟು ಜನರನ್ನು ನೇಮಿಸಿದರು. ಸಂಘಕ್ಕೆ ಸಾಲವಾಯಿತು, ಅದರ ಕಾರ್ಯದರ್ಶಿಯಾಗಿದ್ದ ಆರ್ಥರ್ ಬ್ರೂಮ್ ಎಂಬ ಪಾದ್ರಿಯು ೧೮೨೬ರಲ್ಲಿ ಆ ಸಾಲಕ್ಕಾಗಿ ಸೆರೆಮನೆಗೆ ಹೋದನು. ಪ್ರಾಣಿಹಿಂಸೆಯ ಕಾನೂನಿನ ಚರಿತ್ರೆಯಲ್ಲಿ ಹಿಂಸೆ ಮಾಡಿದವರಿಗಿಂತ ಅದನ್ನು ತಡೆಯಹೊರಟವನೇ ಹೆಚ್ಚು ದಂಡವನ್ನು ತೆತ್ತ ಈ ಪ್ರಸಂಗವು ವಿನೋದವೋ ವಿಷಾದವೋ, ಶ್ರೋತೃಗಳೇ ನಿರ್ಣಯಿಸಲಿ.

ನಮ್ಮ ದೇಶದಲ್ಲಿ ೧೮೬೧ರ ಪೊಲೀಸು ಕಾಯಿದೆಯು, ಪಟ್ಟಣದ ಬೀದಿಗಳಲ್ಲಿ ಪ್ರಾಣಿಯನ್ನು ಕ್ರೂರವಾಗಿ ಹೊಡೆಯುವವನಿಗೆ ೫೦ ರೂಪಾಯಿಯವರೆಗೆ ಜುಲ್ಮಾನೆಯನ್ನು ಇಲ್ಲವೆ ೮ ದಿನಗಳ ಸೆರೆಯನ್ನು ಗೊತ್ತುಮಾಡಿತು. ೧೮೯೦ರ ಪ್ರಾಣಿಹಿಂಸೆಯ ಕಾಯಿದೆಯು ಅದನ್ನು ೧೦೦ ರೂಪಾಯಿಗೂ ಮೂರು ತಿಂಗಳಿಗೂ ಏರಿಸಿತು. ಸ್ವಾತಂತ್ರ್ಯಾನಂತರ ಆದ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ೧೦ರಿಂದ ೫೦ ರೂಪಾಯಿ; ಮೂರು ವರ್ಷದೊಳಗೆ ಪುನಃ ಮಾಡಿದರೆ ೨೫ರಿಂದ ೧೦೦ ರೂಪಾಯಿ, ಇಲ್ಲವೆ ಮೂರು ತಿಂಗಳವರೆಗೆ ಸೆರೆ. ಪಣವೋ ರೂಪಾಯಿಯೋ, ೫೦ ಎಂಬ ಅಂಕವು ನಮ್ಮನ್ನು ಬಿಡದೆ ಹಿಂಬಾಲಿಸಿದೆ! ಒಂದು ನೂರು ವರ್ಷಗಳಲ್ಲಿ ರೂಪಾಯಿಯ ಬೆಲೆ ಎಷ್ಟು ಕುಗ್ಗಿತೆಂಬುದನ್ನು ನೆನೆದರೆ, ದಂಡವು ಸಾಲದೆಂದು ಕೂಗುವವರ ಮಾತು ನ್ಯಾಯವಾಗಿಯೇ ಇದೆ. ಆದರೆ ಅದೇ ಕಾಯಿದೆಯ ೩೫ನೆಯ ಕಲಮನ್ನೂ ಓದಬೇಕು. ಹಿಂಸೆಗೊಳಗಾದ ಪ್ರಾಣಿಯನ್ನು ಚಿಕಿತ್ಸಾಲಯಕ್ಕೋ ಪಿಂಜರಾಪೋಲಿಗೋ ಕಳುಹಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವುಂಟು, ವೆಚ್ಚವು ಒಡೆಯನದು, ಒಡೆಯನು ಬಡವನೆಂದು ಕಂಡುಬಂದರೆ ಚಿಕಿತ್ಸೆಯ ಹಣವನ್ನು ಮನ್ನಾ ಮಾಡಬಹುದು. ನಮ್ಮ ಸೀಮೆಗಳಲ್ಲಿ ಸೋತ ಎತ್ತನ್ನು ಹೂಡುವವನು ಬಡವನಲ್ಲದೆ ಮತ್ತಾರು? ಹೊಸ ಜೋಡಿಯನ್ನು ಕೊಳ್ಳುವ ಶಕ್ತಿಯಿದ್ದವನು ಕುಂಟುವ ಎತ್ತಿನ ಹೆಗಲಿಗೆ ನೊಗವನ್ನು ಇಡುತ್ತಿರಲಿಲ್ಲ. ಹೀಗೆ ಮನ್ನಾ ಆದ ಹಣವು ಎಲ್ಲಿಂದ ಬರಬೇಕೆಂಬುದನ್ನು ಆ ಕಲಮು ಹೇಳುವುದಿಲ್ಲ.

೧೯೬೫ರಲ್ಲಿ ಭಾರವೆಳೆಯುವ ಪ್ರಾಣಿಗಳ ವಿಷಯವಾಗಿ ನಿಯಮಗಳಾದುವು. ದಿನಕ್ಕೆ ೯ ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು ೩೭ ಡಿಗ್ರಿಗೆ ಮೀರುವ ಕಡೆಗಳಲ್ಲಿ ನಡುಹಗಲು ೧೨ರಿಂದ ೩ರವರೆಗೆ ಹೂಡಕೂಡದು. ನಿಯಮವು ಬಹು ದಯಾಪರವಾದುದು. ಪಿರಿಯಾಪಟ್ಟಣದಿಂದ ಕೊಡಗಿನ ಕಡೆಗೆ ಹೋಗುವ ಹಾದಿಯಲ್ಲಿ ಗಾಡಿಯನ್ನು ತಡೆಯಬೇಕಾದ ಪೊಲೀಸಿನವನ ಬಳಿ ಲಾಠಿಯಿರುವುದು, ಉಷ್ಣಮಾಪಕವು ಇರುವುದೇ? ದಂಡವನ್ನು ಹೆಚ್ಚಿಸುವುದಕ್ಕೆ ಒಂದು ಹಾಳೆ ಕಾಗದವೂ ಮುದ್ರಣದ ಮಸಿಯೂ ಸಾಕು. ಉಷ್ಣಮಾಪಕವನ್ನು ಕೊಳ್ಳುವುದಕ್ಕೆ, ಪಶುವೈದ್ಯನನ್ನು ನೇಮಿಸುವುದಕ್ಕೆ, ಸಾಕ್ಷಿ ಹೇಳಲು ಕಚೇರಿಯ ಮೆಟ್ಟಿಲು ಹತ್ತುವ ವೈದ್ಯನ ಬದಲಿಗೆ ಆಸ್ಪತ್ರೆಯಲ್ಲಿ ಇನ್ನೊಬ್ಬನನ್ನು ಇಡುವುದಕ್ಕೆ ವರ್ಷವರ್ಷವೂ ಹಣ ಬೇಕು.

ಇದನ್ನು ಮುಂಗಂಡು ಹೇಳಿದವರಲ್ಲಿ ಮಹಾತ್ಮಾ ಗಾಂಧಿಯವರು ಮುಖ್ಯರು. ೧೯೨೭ರಲ್ಲಿ ಅವರು ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದಾಗ, ಮೈಸೂರು ಸರ್ಕಾರವು ಗೋರಕ್ಷಣೆಯ ವಿಚಾರಕ್ಕಾಗಿ ನೇಮಿಸಿದ್ದ ಸಮಿತಿಯು ಅವರ ಅಭಿಪ್ರಾಯವನ್ನು ಕೇಳಿತು. ಗೋವಿನ ವಿಷಯದಲ್ಲಿ ಅವರಿಗಿದ್ದ ಭಕ್ತಿಯನ್ನು ಬಲ್ಲವರು ನಿಷೇಧದ ಕಾನೂನನ್ನೇ ಅವರು ಮುಂದಿಡುವರೆಂದು ಎಣಿಸಿದ್ದಿರಬೇಕು. ಅವರಾದರೋ ಬರಿಯ ಕಾನೂನಿನಿಂದ ಗೋರಕ್ಷಣೆಯಾಗದೆಂದೂ, ಸರ್ಕಾರವು ಹೈನುಶಾಲೆಗಳನ್ನೂ ತಳಿಯ ಸುಧಾರಣೆಯನ್ನೂ ಸತ್ತ ದನಗಳ ತೊಗಲನ್ನು ಹದಮಾಡುವ ಶಾಲೆಗಳನ್ನೂ ಕೈಕೊಳ್ಳಬೇಕೆಂದೂ ಒತ್ತಿ ಹೇಳಿದರು. ಅದೇ ದಿನಗಳಲ್ಲಿ ಬೆಂಗಳೂರಿನ ಇಂಪೀರಿಯಲ್ ಡೈರಿಗೆ ಹೋಗಿ ವಿದ್ಯಾರ್ಥಿಯಂತೆ ಕುಳಿತು ಪಾಠ ಕೇಳಿದರು. ಹುಣಸೂರಿನ ಹಳೆಯ ಜೋಡಣೆಯನ್ನೇ, ಕೊಲ್ಲುವ ಭಾಗವನ್ನು ತೆಗೆದು, ಅವರು ಮತ್ತೆ ಸೂಚಿಸಿದಂತಾಯಿತು. ಸಾಕುವ ವೆಚ್ಚವನ್ನು ತೊಗಲೂ ಮೂಳೆಯೂ ಗೊಬ್ಬರವೂ ಭಾಗಶಃ ತೆರಬೇಕೆಂಬುದು ಅದರ ತಿರುಳು.

ಮುಂದಿನ ಕಾಲದವರು ಕಾನೂನಿನ ದಾರಿಯನ್ನೇ ಹಿಡಿದರು. ೧೯೬೪ರ ಮೈಸೂರು ಗೋಹತ್ಯಾ ಪ್ರತಿಬಂಧಕ ಕಾಯಿದೆಯು ಹಸುವನ್ನೂ ಕರುವನ್ನೂ ಕಡಿಯಬಾರದೆಂದು ವಿಧಿಸಿ, ೧೨ ವರ್ಷಕ್ಕೆ ಮೀರಿದ ಹೋರಿ, ಎತ್ತು, ಕೋಣಗಳ ವಿಷಯದಲ್ಲಿ ಮಾತ್ರ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಬಾಗಿಲನ್ನು ತೆರೆದಿಟ್ಟಿದ್ದಿತು. ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿಯವರೆಗೆ ದಂಡ. ೨೦೨೦ರ ಡಿಸೆಂಬರಿನಲ್ಲಿ ವಿಧಾನಸಭೆಯು ಅಂಗೀಕರಿಸಿ ೨೦೨೧ರ ಜನವರಿಯಲ್ಲಿ ಸುಗ್ರೀವಾಜ್ಞೆಯ ರೂಪದಲ್ಲಿ ಜಾರಿಗೆ ಬಂದ ಹೊಸ ಶಾಸನವು ಎತ್ತಿಗೂ ಹೋರಿಗೂ ಇದ್ದ ಆ ಬಾಗಿಲನ್ನು ಮುಚ್ಚಿತು. ೧೩ ವರ್ಷಕ್ಕೆ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಬಿಟ್ಟಿತು. ಸೆರೆಯು ಮೂರರಿಂದ ಏಳು ವರ್ಷಕ್ಕೂ, ದಂಡವು ೫೦,೦೦೦ದಿಂದ ೫ ಲಕ್ಷ ರೂಪಾಯಿಗೂ ಏರಿತು.

ಈ ಬದಲಾವಣೆಯ ಅರ್ಥವನ್ನು ತಿಳಿಯಬೇಕಾದರೆ ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯನ್ನು ನೆನೆಯಬೇಕು. ಹಿಂದಿನ ಎಡತೊರೆಯ ಈ ಸೀಮೆಯಲ್ಲಿ, ಕಾವೇರಿಯು ಧುಮುಕುವ ಕೋದಂಡರಾಮನ ಸನ್ನಿಧಿಯ ಬಳಿ, ಸಂಕ್ರಾಂತಿಯ ಸುಮಾರಿಗೆ ದನಗಳ ದೊಡ್ಡ ಜಾತ್ರೆ ಕೂಡುವುದು. ಹಳ್ಳಿಕಾರ್ ಜೋಡಿಗಳ ಹಲ್ಲನ್ನು ನೋಡಿ, ಸುಳಿಯನ್ನು ನೋಡಿ, ನಡಿಗೆಯನ್ನು ನೋಡಿ ವ್ಯಾಪಾರ ಮಾಡುವರು. ಜಾತ್ರೆಗೆ ಹೋಗುವ ರೈತನು ಹೊಸ ಜೋಡಿಯ ಬೆಲೆಯ ಒಂದು ಭಾಗವನ್ನು ಹಳೆಯ ಜೋಡಿಯ ಮಾರಾಟದಿಂದಲೇ ಹೊಂದಿಸಿಕೊಳ್ಳುತ್ತಿದ್ದನು. ಹಳೆಯದನ್ನು ಕೊಂಡವನು ಅದನ್ನು ಇನ್ನೂ ಹಗುರಾದ ಕೆಲಸಕ್ಕೆ ಹೂಡುವನು, ಆಮೇಲೆ ಮತ್ತೊಬ್ಬನು, ಕಟ್ಟಕಡೆಯಲ್ಲಿ ಕಟುಕನು. ಈ ಕಟ್ಟಕಡೆಯ ಕೊಂಡಿಯನ್ನು ಕತ್ತರಿಸಿದರೆ ಸರಪಣಿಯ ಎಲ್ಲ ಕೊಂಡಿಗಳಲ್ಲಿಯೂ ಬೆಲೆ ಇಳಿಯುವುದು ಸಹಜ. ಸೀಮೆಹಸುವಿನ ಗಂಡುಕರುವಿಗಂತೂ ಆ ಸರಪಣಿಯ ಮೊದಲ ಕೊಂಡಿಯೂ ಇಲ್ಲ. ಅದು ಉಳುಮೆಗೆ ಬಾರದು. ಟ್ರಾಕ್ಟರುಗಳು ಬಂದಮೇಲೆ ಉಳುವ ಎತ್ತಿಗೂ ಕೆಲಸ ಕಡಮೆಯಾಯಿತು. ರಾಜ್ಯದ ದನಗಳ ಸಂಖ್ಯೆಯು ೨೦೧೨ರ ಗಣತಿಯಲ್ಲಿ ಸುಮಾರು ೯೫ ಲಕ್ಷವಿದ್ದುದು ೨೦೧೯ರಲ್ಲಿ ೮೫ ಲಕ್ಷದ ಸುಮಾರಿಗೆ ಇಳಿದಿದ್ದಿತು. ಈ ಇಳಿತವು ಹೊಸ ಶಾಸನಕ್ಕಿಂತ ಮುಂಚಿನದೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಎಲ್ಲ ದೋಷವನ್ನೂ ಕಾನೂನಿನ ತಲೆಗೆ ಕಟ್ಟುವುದು ಸರಿಯಲ್ಲ.

ಮುದಿ ದನವನ್ನು ಸಾಕುವ ವೆಚ್ಚವೆಷ್ಟು? ಸರ್ಕಾರದವರೇ ಇದಕ್ಕೆ ಒಂದು ಅಂಕವನ್ನು ಕೊಟ್ಟಿದ್ದಾರೆ. ೨೦೨೨ರಲ್ಲಿ ಆರಂಭವಾದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ದನದ ವರ್ಷದ ಪೋಷಣೆಗೆ ೧೧,೦೦೦ ರೂಪಾಯಿಗಳನ್ನು ಕೊಡಬೇಕೆಂದು ಸಾರ್ವಜನಿಕರನ್ನು ಕೇಳಿದರು. ಅದೇ ವರ್ಷ ಸರ್ಕಾರಿ ನೌಕರರ ಸಂಬಳದಿಂದಲೂ, ಎ ವರ್ಗದವರಿಗೆ ೧೧,೦೦೦, ಬಿ ವರ್ಗದವರಿಗೆ ೪,೦೦೦, ಸಿ ವರ್ಗದವರಿಗೆ ೪೦೦ ರೂಪಾಯಿಗಳಂತೆ ವಂತಿಗೆಯನ್ನು ಗೊತ್ತುಮಾಡಿದರು. ಕಾನೂನನ್ನು ಮಾಡಿದ ಮೇಲೆ ಜೋಳಿಗೆ ಹಿಡಿಯಬೇಕಾಗಿ ಬಂದಿತೆಂದರೆ, ಕಾನೂನನ್ನು ಮಾಡುವಾಗ ಮೇವಿನ ಲೆಕ್ಕವು ಪೂರ್ತಿಯಾಗಿರಲಿಲ್ಲವೆಂದೇ ನಾವು ಭಾವಿಸುತ್ತೇವೆ.

ಈ ಅಂಕವನ್ನೇ ಹಿಡಿದು ಸ್ವಲ್ಪ ಗಣಿತವನ್ನು ಮಾಡೋಣ. ವರ್ಷಕ್ಕೆ ೧೧,೦೦೦ ಎಂದರೆ ದಿನಕ್ಕೆ ತಲೆಗೆ ೩೦ ರೂಪಾಯಿ. ಒಂದು ಜೋಡಿಗೆ ೬೦. ೧೯೬೦ರ ಕಾಯಿದೆಯ ಮೊದಲ ಅಪರಾಧದ ಪರಮಾವಧಿ ದಂಡವಾದ ೫೦ ರೂಪಾಯಿಯು, ಜಪ್ತಿಯಾದ ಒಂದು ಜೋಡಿ ಎತ್ತಿನ ಒಂದು ದಿನದ ಮೇವಿಗೂ ಸಾಲದು. ಮೊಕದ್ದಮೆಯು ಒಂದು ವರ್ಷ ನಡೆದರೆ ಮೇವಿನ ವೆಚ್ಚವು ೨೨,೦೦೦ ರೂಪಾಯಿ. ಜಪ್ತಿಯಾದ ಪ್ರಾಣಿಗಳ ಪೋಷಣೆಯನ್ನು ಕುರಿತು ೨೦೧೭ರಲ್ಲಿ ಆದ ನಿಯಮಗಳ ಪ್ರಕಾರ ಈ ಹೊರೆಯು ಆಪಾದಿತನ ಮೇಲೆ ಬೀಳುವುದು. ಆಗ ನಿಜವಾದ ಶಿಕ್ಷೆಯು ನ್ಯಾಯಾಧೀಶನ ತೀರ್ಪಿನಲ್ಲಿ ಇರುವುದೋ, ಗೋಶಾಲೆಯ ಚೀಟಿಯಲ್ಲಿ ಇರುವುದೋ? ಅವನು ನಿರ್ದೋಷಿಯೆಂದು ಮುಂದೆ ತೀರ್ಪಾದರೂ, ಅಷ್ಟುಹೊತ್ತಿಗೆ ಎತ್ತಿನ ಆಸೆಯನ್ನು ಬಿಟ್ಟಿರುವನು. ಅವನು ತೆರಲಾರದಿದ್ದರೆ ವೆಚ್ಚವು ಗೋಶಾಲೆಗೆ ಇಲ್ಲವೆ ಸರ್ಕಾರಕ್ಕೆ. ಅವರೂ ತೆರಲಾರದಿದ್ದರೆ ಎತ್ತಿನ ಹೊಟ್ಟೆಗೆ. ಸೆರೆಯ ಅವಧಿಯನ್ನು ಏಳು ವರ್ಷಕ್ಕೆ ಏರಿಸಿದಲ್ಲಿ ಮನುಷ್ಯನ ಊಟದ ವೆಚ್ಚವೂ ಇದರೊಡನೆ ಕೂಡುವುದು.

೨೦೧೭ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ದನದ ಸಂತೆಗಳಿಗೆಂದೇ ಹೊರಡಿಸಿದ ನಿಯಮಗಳಲ್ಲಿ, ರಾಜ್ಯದ ಗಡಿಯಿಂದ ೨೫ ಕಿಲೋಮೀಟರಿನೊಳಗೆ ದನದ ಸಂತೆಯೇ ಕೂಡದೆಂದು ಇದ್ದಿತು. ಕೇರಳದ ವಯನಾಡಿಗೆ ಅಂಟಿಕೊಂಡಿರುವ ಹೆಗ್ಗಡದೇವನಕೋಟೆಯ ಬಾವಲಿ, ಡಿ. ಬಿ. ಕುಪ್ಪೆಯ ಕಡೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಜುಲೈ ತಿಂಗಳಿನಲ್ಲಿ ಇವುಗಳಿಗೆ ದೇಶದಾದ್ಯಂತ ತಡೆಯೊಡ್ಡಿತು.

ಹೆಗ್ಗಡದೇವನಕೋಟೆಯ ಹೆಸರು ಬಂದಮೇಲೆ ಕಾಕನಕೋಟೆಯ ಖೆಡ್ಡಾವನ್ನು ಬಿಡುವಂತಿಲ್ಲ. ಈ ಕಾಡಿನಲ್ಲಿ ಹೈದರನು ಆನೆಗಳನ್ನು ಹಿಡಿಯಹೋಗಿ ಸೋತು, ಇನ್ನು ಯಾರೂ ಇದಕ್ಕೆ ಕೈಹಾಕಬಾರದೆಂದು ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದನೆಂದು ಸ್ಯಾಂಡರ್ಸನ್ ಎಂಬ ಅಧಿಕಾರಿಯು ಬರೆದಿಟ್ಟಿದ್ದಾನೆ. ಸ್ಯಾಂಡರ್ಸನ್ನನೇ ೧೮೭೪ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾವನ್ನು ಸಾಧಿಸಿ ತೋರಿಸಿದನು. ಆಮೇಲೆ ಕಬಿನಿಯ ದಡದ ಕಾಕನಕೋಟೆಯು ಲೋಕಪ್ರಸಿದ್ಧವಾಯಿತು. ರಾಜಕುಮಾರರು ಬಂದರು, ಕಾರಾಪುರದ ಮಾವುತನ ಮಗನಾದ ಸಾಬು ಎಂಬ ಬಾಲಕನು ಇಲ್ಲಿಯ ಆನೆಗಳ ನಡುವಿನಿಂದ ಹೊರಟು ೧೯೩೭ರ ‘ಎಲಿಫೆಂಟ್ ಬಾಯ್’ ಚಲಚ್ಚಿತ್ರದ ಮೂಲಕ ಪ್ರಪಂಚಕ್ಕೆಲ್ಲ ಪರಿಚಿತನಾದನು. ಆನೆಗಳನ್ನು ನೀರಿಗೆ ಅಟ್ಟಿ, ತಡಿಕೆಯೊಳಕ್ಕೆ ನೂಕಿ, ಹಗ್ಗಗಳಿಂದ ಬಿಗಿಯುವಾಗ ಸತ್ತವುಗಳೂ, ಹಗ್ಗದ ಗಾಯದಿಂದ ಕೊರಗಿದವುಗಳೂ ಅನೇಕ. ಆ ಕ್ರೌರ್ಯವನ್ನು ಹೊಗಳುವವರಲ್ಲಿ ನಾವು ಸೇರುವುದಿಲ್ಲ. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ೧೯೭೨ರಲ್ಲಿ ವನ್ಯಜೀವಿಗಳ ರಕ್ಷಣೆಯ ಕಾಯಿದೆಯಾಯಿತು. ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯವು ಆ ನೆಲವನ್ನೇ ಮುಳುಗಿಸಿತು. ೧೯೭೭ರಲ್ಲಿ ಆನೆಯು ಕಾಯಿದೆಯ ಮೊದಲನೆಯ ಅನುಸೂಚಿಯನ್ನು ಸೇರಿತು.

ಖೆಡ್ಡಾದ ಆನೆಗಳನ್ನು ಹರಾಜಿನಲ್ಲಿ ಮಾರುತ್ತಿದ್ದುದರಿಂದ ಅದು ಸರ್ಕಾರಕ್ಕೆ ಆದಾಯದ ಬಾಬು ಆಗಿದ್ದಿತು. ಈಗ ಆನೆಯು ವೆಚ್ಚದ ಬಾಬು. ೨೦೨೩ರ ಎಣಿಕೆಯಲ್ಲಿ ರಾಜ್ಯದಲ್ಲಿ ೬,೩೯೫ ಆನೆಗಳು ಕಂಡುಬಂದುವು. ಇದು ಸಂತೋಷದ ಸುದ್ದಿ. ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಕೋಟೆಯ ರೈತರು ರಾಗಿಯ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಎಚ್ಚರವಿದ್ದು ಈ ಸಂತೋಷದ ಬೆಲೆಯನ್ನು ತೆರುತ್ತಿದ್ದಾರೆ. ಅವರ ನಿದ್ರೆಗೆ ಯಾವ ಬಜೆಟ್ಟಿನಲ್ಲಿಯೂ ಕಲಮಿಲ್ಲ. ಆನೆಯಿಂದ ಸತ್ತವನ ಮನೆಯವರಿಗೆ ಕೊಡುವ ಪರಿಹಾರವನ್ನು ೨೦೨೨ರಲ್ಲಿ ಏಳೂವರೆ ಲಕ್ಷದಿಂದ ೧೫ ಲಕ್ಷ ರೂಪಾಯಿಗೆ ಏರಿಸಿದರು. ಕಾಡಿನ ಅಂಚಿಗೆ ಮೊದಲು ಕಂದಕವನ್ನು ತೋಡಿದರು. ಮಳೆಗೆ ಅದು ಕುಸಿಯಿತು. ಆಮೇಲೆ ಹಳೆಯ ರೈಲುಕಂಬಿಗಳ ಬೇಲಿ. ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮಿಕ್ಕ ವೆಚ್ಚ. ಹುಣಸೂರು ತಾಲೂಕಿನ ವೀರನಹೊಸಹಳ್ಳಿಯ ಬಳಿ, ೨೦೧೮ರ ಡಿಸೆಂಬರಿನಲ್ಲಿ, ಆ ಬೇಲಿಯನ್ನು ದಾಟಹೋದ ಸಲಗವೊಂದು ಕಂಬಿಯ ಮೇಲೆ ಸಿಕ್ಕಿಕೊಂಡು ಸತ್ತಿತು. ದಸರೆಯ ಆನೆಗಳಿಗೆ ಪೂಜೆ ಮಾಡಿ ಮೈಸೂರಿಗೆ ಬೀಳ್ಕೊಡುವ ಊರೂ ಅದೇ.

ಹಿಡಿಯುವುದಂತೂ ನಿಂತಿಲ್ಲ, ಊರಿಗೆ ನುಗ್ಗುವ ಆನೆಗಳನ್ನು ಈಗಲೂ ಸರ್ಕಾರವೇ ಹಿಡಿಯಿಸುವುದು, ಹಿಡಿಯುವುದಕ್ಕೆ ಪಳಗಿದ ಆನೆಗಳನ್ನೇ ಕಳುಹಿಸುವುದು. ೧೯೬೮ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿದ ಅರ್ಜುನನೆಂಬ ಆನೆಯು ೨೦೧೨ರಿಂದ ೨೦೧೯ರವರೆಗೆ ಎಂಟು ದಸರೆಗಳಲ್ಲಿ ಚಿನ್ನ���ಂಬಾರಿಯನ್ನು ಹೊತ್ತು, ಆಮೇಲೆ ಕೋಟೆಯ ತಾಲೂಕಿನ ಬಳ್ಳೆಯ ಶಿಬಿರದಲ್ಲಿ ವಿಶ್ರಾಂತಿಯಲ್ಲಿದ್ದಿತು. ಅದನ್ನು ಹಾಸನ ಜಿಲ್ಲೆಯ ಯಸಳೂರಿನ ಕಡೆಗೆ ಕಾಡಾನೆಗಳನ್ನು ಹಿಡಿಯುವ ಕೆಲಸಕ್ಕೆ ಕರೆದೊಯ್ದರು. ೨೦೨೩ರ ಡಿಸೆಂಬರ್ ೪ರಂದು ಮದವೇರಿದ್ದ ಸಲಗವೊಂದರೊಡನೆ ಹೋರಾಡುತ್ತ ಅದು ಅಲ್ಲಿಯೇ ಮಡಿಯಿತು.